ರಿಪೋರ್ಟ್ ನಾರ್ಮಲ್ ಬಂದ ಮೇಲೂ ಎದೆ ನೋಯುವುದೇಕೆ?

2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೂ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು, ಅವರಲ್ಲಿ ಹಲವರು 45ರೊಳಗಿನವರು ಎಂಬ ಲೆಕ್ಕ ಟಿವಿ ಪರದೆಯ ಮೇಲೆ ದಿನದಿನವೂ ಏರುತ್ತಿತ್ತು. ಜುಲೈ ಮೊದಲ ವಾರದ ಹೊತ್ತಿಗೆ ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲುಗಳು ಬೆಳೆದವು. ಗಾಬರಿಯಾಗಬೇಡಿ ಎಂದು ಆಸ್ಪತ್ರೆಯವರೇ ಜನರನ್ನು ಕೇಳಿಕೊಳ್ಳಬೇಕಾಯಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕರಾದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿ ಅದೇ ತಿಂಗಳು ಸರ್ಕಾರಕ್ಕೆ ವರದಿ ಕೊಟ್ಟಿತು. ಹೃದಯಾಘಾತದ ಸಾವುಗಳು ಹಾಸನದಲ್ಲಿ ಹಿಂದಿಗಿಂತ ಅಸಹಜವಾಗಿ ಏರಿಲ್ಲ, ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಹೃದಯ ಕಾರಣವೇ ಆಗಿರಲಿಲ್ಲ, ಉಳಿದವುಗಳ ಹಿಂದೆ ಇದ್ದದ್ದು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನದಂಥ ಬಹುಕಾಲದಿಂದ ಗೊತ್ತಿರುವ ಕಾರಣಗಳು ಎಂಬುದು ಅದರ ಸಾರ.

ಸತ್ತವರ ಬಗ್ಗೆ ವರದಿ ಬಂತು. ಸಾಲಿನಲ್ಲಿ ನಿಂತಿದ್ದವರ ಬಗ್ಗೆ ಯಾವ ವರದಿಯೂ ಬರಲಿಲ್ಲ. ಅವರಲ್ಲಿ ಎಷ್ಟೋ ಜನ ಬರೀ ಅನುಮಾನದಿಂದ ಬಂದವರಲ್ಲ. ಎದೆ ಹಿಡಿದಂತಾಗುತ್ತಿದೆ, ಎಡಗೈ ಜೋಮು ಹಿಡಿಯುತ್ತಿದೆ, ರಾತ್ರಿ ಮಲಗಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ ಎಂದು ಬಂದವರು. ಇಸಿಜಿ ತೆಗೆದು, ಎಕೋ ನೋಡಿ, "ನಿಮಗೆ ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿದ ಮೇಲೆ ಆ ನೋವು ಎಲ್ಲಿ ಹೋಯಿತು? ಬಹಳ ಜನರ ಮಟ್ಟಿಗೆ ಅದು ಅವರ ಜೊತೆಯಲ್ಲೇ ಬಸ್ಸು ಹತ್ತಿ ಮನೆಗೆ ಬಂದಿರುತ್ತದೆ. ಹೃದಯದ ರಕ್ತನಾಳದಲ್ಲಿ ತಡೆ ಇಲ್ಲ ಎಂಬ ಮಾತು ನಿಜ. ಆದರೆ ದೇಹದಲ್ಲಿ ಏನೂ ನಡೆಯುತ್ತಿಲ್ಲ ಎಂಬುದು ನಿಜವಲ್ಲ. ಆತಂಕದಲ್ಲಿ ದೇಹದೊಳಗೆ ಆಗುವುದು ಅಳತೆಗೆ ಸಿಗುವ, ವಿವರಿಸಬಲ್ಲ ಕ್ರಿಯೆ. ಅದನ್ನು ವಿವರಿಸದೆ ರೋಗಿಯನ್ನು ಮನೆಗೆ ಕಳಿಸುವುದು ಅರ್ಧ ಚಿಕಿತ್ಸೆ ಮಾತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಕೆಲವು ಸೆಕೆಂಡುಗಳಿಂದ ನೋಡೋಣ. ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಒಳಭಾಗದಲ್ಲಿರುವ ಅಮಿಗ್ಡಲ ಎಂಬ ಪುಟ್ಟ ಕೇಂದ್ರ ಮಿದುಳಿನದೇ ಇನ್ನೊಂದು ಭಾಗವಾದ ಹೈಪೋಥಲಮಸ್‌ಗೆ ಸೂಚನೆ ಕೊಡುತ್ತದೆ; ಅಲ್ಲಿಂದ ಹೊರಟ ನರಗಳು ಬೆನ್ನುಹುರಿಯ ಮೂಲಕ ಹೃದಯ, ಶ್ವಾಸಕೋಶ, ರಕ್ತನಾಳ, ಬೆವರಿನ ಗ್ರಂಥಿಗಳನ್ನೆಲ್ಲ ಒಮ್ಮೆಲೇ ಎಚ್ಚರಿಸುತ್ತವೆ; ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತವೆ. ಹೃದಯ ವೇಗವಾಗಿಯೂ ಬಲವಾಗಿಯೂ ಬಡಿಯುತ್ತದೆ. ಚರ್ಮದ ರಕ್ತನಾಳಗಳು ಬಿಗಿಯುವುದರಿಂದ ಮುಖ ಬಿಳಿಚಿಕೊಂಡು ಕೈಕಾಲು ತಣ್ಣಗಾಗುತ್ತವೆ, ಹೊಟ್ಟೆಗೆ ಹೋಗುತ್ತಿದ್ದ ರಕ್ತ ತೊಡೆ, ತೋಳುಗಳ ಸ್ನಾಯುಗಳ ಕಡೆ ತಿರುಗುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಡುತ್ತದೆ, ಬಾಯಿ ಒಣಗುತ್ತದೆ. ಹಾರ್ವರ್ಡ್‌ನ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ವಿವರಿಸಿದಾಗ, ಕಾದಾಡಲು ಇಲ್ಲವೇ ಓಡಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು ಎಂದರು. ರಸ್ತೆ ದಾಟುವಾಗ ಲಾರಿ ಮೈಮೇಲೆ ಬಂದರೆ ನಮ್ಮನ್ನು ಉಳಿಸುವುದು ಇದೇ ಸಿದ್ಧತೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊದಲ್ಲಿ ಯಾರೋ ಜಿಮ್‌ನಲ್ಲಿ ಕುಸಿದು ಬೀಳುವುದನ್ನು ನೋಡಿದಾಗಲೂ ಅಮಿಗ್ಡಲ ಎಚ್ಚರಿಕೆ ಕೊಡಬಲ್ಲದು, ಮತ್ತು ಆಗ ಓಡಲು ಜಾಗವಾಗಲಿ, ಕಾದಾಡಲು ಎದುರಾಳಿಯಾಗಲಿ ಇರುವುದಿಲ್ಲ. ಸಿದ್ಧವಾದ ದೇಹ ಹಾಸಿಗೆಯ ಮೇಲೆ ಸುಮ್ಮನೆ ಮಲಗಿರುತ್ತದೆ.

ಈ ಹಂತದಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಹೃದಯವಲ್ಲ, ಉಸಿರು. ಗಾಬರಿಯಾದವರು ತಮಗೆ ಗೊತ್ತಿಲ್ಲದಂತೆಯೇ ಬೇಗ ಬೇಗ ಉಸಿರಾಡತೊಡಗುತ್ತಾರೆ. ಇದರಿಂದ ರಕ್ತದ ಆಮ್ಲಜನಕ ಹೆಚ್ಚೇನೂ ಏರುವುದಿಲ್ಲ, ಏಕೆಂದರೆ ಆರೋಗ್ಯವಂತರಲ್ಲಿ ಅದು ಮೊದಲೇ ತುಂಬಿರುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಮಾತ್ರ ಅಗತ್ಯಕ್ಕಿಂತ ಹೆಚ್ಚು ಹೊರಹೋಗುತ್ತದೆ. ಅದು ಕಡಿಮೆಯಾದಂತೆ ರಕ್ತದ ಕ್ಷಾರತೆ ಏರುತ್ತದೆ, ರಕ್ತದಲ್ಲಿ ಸ್ವತಂತ್ರವಾಗಿ ಓಡಾಡುವ ಕ್ಯಾಲ್ಸಿಯಂ ಪ್ರೋಟೀನುಗಳಿಗೆ ಅಂಟಿಕೊಂಡು ಕಡಿಮೆಯಾಗುತ್ತದೆ, ನರಗಳು ಕಾರಣವಿಲ್ಲದೆ ಉದ್ರೇಕಗೊಳ್ಳುತ್ತವೆ. ತುಟಿಯ ಸುತ್ತ ಮತ್ತು ಬೆರಳ ತುದಿಗಳಲ್ಲಿ ಚುಮುಚುಮು ಶುರುವಾಗುವುದು ಹೀಗೆ. ಇನ್ನೂ ಮುಂದುವರಿದರೆ ಕೈಬೆರಳುಗಳು ಸೆಟೆದು, ಹೆಬ್ಬೆರಳು ಅಂಗೈಯ ಕಡೆ ಮಡಿಚಿಕೊಂಡು, ಮಣಿಕಟ್ಟು ಬಾಗಿ ನಿಂತುಬಿಡುತ್ತದೆ. ಇದನ್ನು ಕಂಡ ಮನೆಯವರು ಲಕ್ವ ಹೊಡೆಯಿತೆಂದೇ ತಿಳಿಯುತ್ತಾರೆ. ಇಂಗಾಲದ ಡೈಆಕ್ಸೈಡ್ ಇಳಿದಾಗ ಮಿದುಳಿನ ರಕ್ತನಾಳಗಳೂ ಕಿರಿದಾಗುವುದರಿಂದ ತಲೆ ಸುತ್ತಿ, ಕಣ್ಣು ಮಂಜಾಗಿ, ಸುತ್ತಲಿನ ಜಗತ್ತು ದೂರ ಸರಿದಂತೆ ಅನ್ನಿಸುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಬಿಡುವಿಲ್ಲದೆ ದುಡಿದು ದಣಿದಾಗ ಎದೆಯಲ್ಲಿ ನಿಜವಾದ ನೋವೇ ಬರುತ್ತದೆ. ಎಲ್ಲಕ್ಕಿಂತ ಕಷ್ಟದ ಸಂಗತಿಯೆಂದರೆ, ಇಷ್ಟು ಹೊತ್ತು ಉಸಿರು ಹೆಚ್ಚಾಗಿಯೇ ಸಿಗುತ್ತಿದ್ದರೂ ರೋಗಿಗೆ ಉಸಿರು ಸಾಲುತ್ತಿಲ್ಲ ಎನಿಸುವುದು. ಆದ್ದರಿಂದ ಆತ ಇನ್ನಷ್ಟು ಜೋರಾಗಿ ಎಳೆದುಕೊಳ್ಳುತ್ತಾನೆ, ಸುರುಳಿ ಇನ್ನಷ್ಟು ಬಿಗಿಯುತ್ತದೆ. ಪ್ಯಾನಿಕ್ ಅಟ್ಯಾಕ್ ಎಂದು ವೈದ್ಯರು ಕರೆಯುವ ಸ್ಥಿತಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿ ಮುಟ್ಟಿ ಆಮೇಲೆ ಇಳಿಯತೊಡಗುತ್ತದೆ. ಅನುಭವಿಸುವವರಿಗೆ ಆ ಹತ್ತು ನಿಮಿಷ ಸಾವಿನ ಬಾಗಿಲೇ.

ಇಲ್ಲೊಂದು ಎಚ್ಚರಿಕೆ ಅತ್ಯಗತ್ಯ. ಮೇಲಿನ ವಿವರಣೆಯನ್ನು ಓದಿ, ತನಗೆ ಬಂದ ಎದೆನೋವು ಗಾಬರಿಯದೇ ಎಂದು ಮನೆಯಲ್ಲೇ ಕೂತು ಯಾರೂ ತೀರ್ಮಾನಿಸಬಾರದು. ಹೃದಯಾಘಾತದಲ್ಲೂ ಬೆವರು, ಉಸಿರುಗಟ್ಟುವಿಕೆ, ವಾಕರಿಕೆ, ಸಾಯುವ ಭಯ ಇವೆಲ್ಲ ಇರುತ್ತವೆ. ಎದೆಯ ಮಧ್ಯೆ ಭಾರ ಇಟ್ಟಂತಾಗಿ ದವಡೆಗೋ ಭುಜಕ್ಕೋ ಬೆನ್ನಿಗೋ ಹರಡುವ ನೋವು, ನಡೆದಾಗ ಇಲ್ಲವೇ ಮೆಟ್ಟಿಲು ಹತ್ತಿದಾಗ ಬಂದು ನಿಂತಾಗ ಕಡಿಮೆಯಾಗುವ ನೋವು, ಇವು ಹೃದಯದ ಕಡೆ ಬೊಟ್ಟು ಮಾಡುತ್ತವೆ. ಆದರೆ ಹೆಂಗಸರು, ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ಹೊಟ್ಟೆಯ ಮೇಲ್ಭಾಗದ ಉರಿಯಾಗಿಯೂ ಹೃದಯಾಘಾತ ಕಾಣಿಸಿಕೊಳ್ಳಬಹುದು. ಗ್ಯಾಸ್ಟ್ರಿಕ್ ಇರಬೇಕೆಂದು ಈನೋ ಕುಡಿದು ಮಲಗಿ ಬೆಳಗ್ಗೆ ಏಳದೇ ಹೋದವರ ಕಥೆ ನಮ್ಮಲ್ಲಿ ಎಷ್ಟು ಊರುಗಳಲ್ಲಿಲ್ಲ? ಒಂದು ಇಸಿಜಿ ಸರಿಯಿದೆ ಎಂದರೂ ಅನುಮಾನವಿದ್ದರೆ ಕೆಲವು ಗಂಟೆ ಬಿಟ್ಟು ಮತ್ತೆ ಇಸಿಜಿ ತೆಗೆದು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುವ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಕರ್ನಾಟಕದಲ್ಲಿ ಇದೆ. ಹೊಸದಾಗಿ ಎದೆನೋವು ಬಂದವರು ಜಯದೇವದ ಸಾಲಿಗಾಗಿ ನಾಳೆಯವರೆಗೆ ಕಾಯದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ತಕ್ಷಣ ಹೋಗುವುದೇ ಸರಿ. ಗಾಬರಿಯಾದವರಿಗೆ ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೆಯ ಉಪಾಯವನ್ನೂ ವೈದ್ಯರು ಈಗ ಸಲಹೆ ಮಾಡುವುದಿಲ್ಲ. ಅದು ಹೃದಯದ ಇಲ್ಲವೇ ಅಸ್ತಮಾದ ತೊಂದರೆಯಾಗಿದ್ದರೆ ಆಮ್ಲಜನಕ ಕಡಿಮೆಯಾಗಿ ಜೀವಕ್ಕೇ ಅಪಾಯ.

ಗಾಬರಿಯೆಂಬುದು ನಿಮಿಷಗಳ ಮಾತಾದರೆ ಒತ್ತಡ ತಿಂಗಳುಗಳ ಮಾತು. ಅದರ ದಾರಿ ಬೇರೆ. ಹೈಪೋಥಲಮಸ್ ಪಿಟ್ಯುಟರಿ ಗ್ರಂಥಿಯನ್ನೂ, ಅದು ಅಡ್ರಿನಲ್ ಗ್ರಂಥಿಯ ಹೊರಪದರವನ್ನೂ ಪ್ರಚೋದಿಸಿ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಬಿಡಿಸುತ್ತದೆ. ಕಾರ್ಟಿಸೋಲ್ ಶತ್ರುವಲ್ಲ, ಬೆಳಗ್ಗೆ ನಾವು ಎದ್ದ ಸ್ವಲ್ಪ ಹೊತ್ತಿಗೆ ಅದು ಏರಿ, ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುವ ಲಯವೇ ದಿನದ ಕೆಲಸಕ್ಕೆ ನಮ್ಮನ್ನು ಎಬ್ಬಿಸುತ್ತದೆ. ಸಾಲದ ಕಂತು, ಪಾಳಿ ಕೆಲಸ, ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆ ಇವು ವರ್ಷಗಟ್ಟಲೆ ಮುಂದುವರಿದಾಗ ಈ ಲಯ ಕೆಡುತ್ತದೆ. ಕಾರ್ಟಿಸೋಲ್ ಯಕೃತ್ತಿನಿಂದ ಸಕ್ಕರೆ ಹೊರಡಿಸುತ್ತದೆ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತದೆ, ಕೊಬ್ಬನ್ನು ಹೊಟ್ಟೆಯ ಸುತ್ತ ಸೇರಿಸುತ್ತದೆ. ಊಟ, ಮಾತ್ರೆ ಯಾವುದರಲ್ಲೂ ತಪ್ಪದವರ ಸಕ್ಕರೆ ಮಟ್ಟ ಮಗಳ ಮದುವೆಯ ತಿಂಗಳಲ್ಲಿ ಏರಿಬಿಡುವುದಕ್ಕೆ ಇದೂ ಒಂದು ಕಾರಣ. ಮುಟ್ಟಿನ ಚಕ್ರ ನಡೆಸುವ ಸಂಕೇತಗಳೂ ಹೈಪೋಥಲಮಸ್‌ನಿಂದಲೇ ಹೊರಡುವುದರಿಂದ ಪರೀಕ್ಷೆಯ ಹೊತ್ತಿಗೆ ಹುಡುಗಿಯರ ಮುಟ್ಟು ಹಿಂದೆಮುಂದೆ ಆಗುವುದುಂಟು. ಕೂದಲು ಉದುರುವುದು ಇನ್ನೂ ತಡವಾಗಿ, ಕಷ್ಟದ ಕಾಲ ಕಳೆದು ಎರಡು ಮೂರು ತಿಂಗಳಾದ ಮೇಲೆ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಕಾರಣವೇ ಮರೆತುಹೋಗಿರುತ್ತದೆ.

ಒತ್ತಡ ದೇಹಕ್ಕೆ ಏನು ಮಾಡುತ್ತದೆ ಎಂದು ಅನುಮಾನಪಡುವವರಿಗೆ ನಾನು ಹೇಳುವುದು ಗಾಯಗಳ ಮೇಲೆ ನಡೆದ ಅಧ್ಯಯನಗಳನ್ನು, ಏಕೆಂದರೆ ಗಾಯ ಸುಳ್ಳು ಹೇಳುವುದಿಲ್ಲ. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಿನಲ್ಲಿ 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿ, ಅದೇ ವಯಸ್ಸಿನ, ಅಂಥ ಹೊರೆಯಿಲ್ಲದ ಹೆಂಗಸರ ಗಾಯದೊಂದಿಗೆ ಹೋಲಿಸಿದರು. 1995ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರೈಕೆ ಮಾಡುವವರ ಗಾಯ ಪೂರ್ತಿ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ಮೂರು ವರ್ಷದ ನಂತರ ಅದೇ ತಂಡದವರು ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ ಒಮ್ಮೆ ಬೇಸಿಗೆ ರಜೆಯಲ್ಲಿ, ಇನ್ನೊಮ್ಮೆ ಮುಖ್ಯ ಪರೀಕ್ಷೆಗೆ ಮೂರು ದಿನ ಮೊದಲು ಅಷ್ಟೇ ಗಾತ್ರದ ಗಾಯ ಮಾಡಿದರು. ಬಾಯಿ ಅದೇ, ವಿದ್ಯಾರ್ಥಿ ಅವನೇ. ಪರೀಕ್ಷೆಯ ಕಾಲದ ಗಾಯ ಮಾಯುವುದಕ್ಕೆ ಸುಮಾರು ಶೇ 40ರಷ್ಟು ಹೆಚ್ಚು ಸಮಯ ಹಿಡಿಯಿತು. 1991ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 400 ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸ್ ಹನಿಸಿದಾಗ, ಬದುಕಿನಲ್ಲಿ ಒತ್ತಡ ಹೆಚ್ಚಿದ್ದಷ್ಟೂ ಸೋಂಕು ತಗಲುವ ಸಂಭವ ಹೆಚ್ಚಾಗುತ್ತಾ ಹೋಯಿತು. ಗಾಯ ಮಾಯಲು ಮೊದಲ ಹಂತದಲ್ಲಿ ಬೇಕಾದ ಉರಿಯೂತವನ್ನು ಕಾರ್ಟಿಸೋಲ್ ಅದುಮುತ್ತದೆ. ಹಾಗೆಂದು ಅದು ಎಲ್ಲ ಉರಿಯೂತವನ್ನೂ ಇಳಿಸುತ್ತದೆಂದಲ್ಲ. ಬಹುಕಾಲ ಹೆಚ್ಚಾಗಿಯೇ ಇದ್ದರೆ ರಕ್ಷಣಾ ಕೋಶಗಳು ಅದರ ಮಾತು ಕೇಳುವುದನ್ನೇ ಕಡಿಮೆ ಮಾಡುತ್ತವೆ, ಆಗ ರಕ್ತನಾಳದ ಗೋಡೆಗಳಲ್ಲಿ ಸಣ್ಣ ಮಟ್ಟದ ಉರಿಯೂತ ಉಳಿದುಬಿಡುತ್ತದೆ.

ಹೊಟ್ಟೆಯ ವಿಷಯದಲ್ಲಿ ನಮ್ಮ ಜನಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡು ತಗಲಿ, ಬದುಕುಳಿದರೂ ಹೊಟ್ಟೆಯ ರಂಧ್ರ ಮುಚ್ಚದೇ ಹೋದಾಗ, ವಿಲಿಯಂ ಬೋಮಾಂಟ್ ಎಂಬ ಸೇನಾ ವೈದ್ಯ ಆ ರಂಧ್ರದ ಮೂಲಕ ಜಠರವನ್ನು ವರ್ಷಗಟ್ಟಲೆ ಗಮನಿಸಿ, ಆತ ಸಿಟ್ಟಾದಾಗ ಜೀರ್ಣಕ್ರಿಯೆ ಬದಲಾಗುವುದನ್ನು ದಾಖಲಿಸಿದ್ದ. ಮಿದುಳು ಮತ್ತು ಕರುಳನ್ನು ಜೋಡಿಸುವ ವೇಗಸ್ ನರದ ಹೆಚ್ಚಿನ ಎಳೆಗಳು ಕರುಳಿನಿಂದ ಮಿದುಳಿನ ಕಡೆಗೇ ಸುದ್ದಿ ಒಯ್ಯುತ್ತವೆ, ಹಾಗಾಗಿ ಕೆಟ್ಟ ಹೊಟ್ಟೆ ಮನಸ್ಸನ್ನೂ ಕೆಡಿಸುತ್ತದೆ. ಕಚೇರಿಗೆ ಹೊರಡುವ ಮುನ್ನ ಮೂರು ನಾಲ್ಕು ಸಲ ಶೌಚಕ್ಕೆ ಹೋಗಬೇಕಾಗುವ, ಎಲ್ಲ ಸ್ಕ್ಯಾನ್‌ಗಳೂ ಸರಿಯಿರುವ ಐಬಿಎಸ್ (ಕರುಳು ಸುಲಭವಾಗಿ ಕೆರಳುವ ತೊಂದರೆ) ರೋಗಿಗಳಿಗೆ ಇದು ದಿನನಿತ್ಯದ ಅನುಭವ. ಆದರೆ ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟುವುದರ ಅಪಾಯವನ್ನು ಕಲಿಸಿದ್ದೂ ಹೊಟ್ಟೆಯೇ. ದಶಕಗಳ ಕಾಲ ಜಠರದ ಹುಣ್ಣಿಗೆ ಚಿಂತೆಯೇ ಕಾರಣವೆಂದು ವೈದ್ಯರು ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1980ರ ದಶಕದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯವನ್ನು ತೋರಿಸಿ, ಅದಕ್ಕಾಗಿ 2005ರಲ್ಲಿ ನೊಬೆಲ್ ಪಡೆದರು. ಆ ಹುಣ್ಣು ಇವತ್ತು ಆಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ. ಹಾಗೆಯೇ ಎದೆಬಡಿತ, ಕೈನಡುಕ, ಬೆವರು ಇರುವವರನ್ನು ಆತಂಕದ ರೋಗಿಯೆಂದು ಕರೆಯುವ ಮೊದಲು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಯಾದರೂ ಆಗಿರಬೇಕು.

ಮತ್ತೆ ಹೃದಯಕ್ಕೆ ಬರೋಣ. ಒತ್ತಡದಿಂದ ಹೃದಯಾಘಾತ ಆಗುತ್ತದೆಯೇ ಎಂಬ ಪ್ರಶ್ನೆಗೆ ಅತಿ ದೊಡ್ಡ ಉತ್ತರ 2004ರ ಇಂಟರ್‌ಹಾರ್ಟ್ ಅಧ್ಯಯನದ್ದು. ಅದನ್ನು ಮುನ್ನಡೆಸಿದ ಸಲೀಂ ಯೂಸುಫ್ ವೈದ್ಯಕೀಯ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. 52 ದೇಶಗಳ ಸುಮಾರು 15,000 ಹೃದಯಾಘಾತದ ರೋಗಿಗಳನ್ನು ಅಷ್ಟೇ ಸಂಖ್ಯೆಯ ಇತರರೊಂದಿಗೆ ಹೋಲಿಸಿದಾಗ ಒಂಬತ್ತು ಅಂಶಗಳು ಬಹುಪಾಲು ಅಪಾಯವನ್ನು ವಿವರಿಸಿದವು. ಧೂಮಪಾನ, ಕೊಬ್ಬಿನಂಶ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಜೊತೆ ಮನಸ್ಸಿನ ಮೇಲಿನ ಒತ್ತಡಕ್ಕೂ ಆ ಪಟ್ಟಿಯಲ್ಲಿ ಸ್ಥಾನವಿತ್ತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಹಲವು ವರ್ಷ ಮೊದಲೇ ಆಗುತ್ತದೆಂದು ತೋರಿಸಿದ್ದೂ ಇದೇ ಅಧ್ಯಯನ. ಹಠಾತ್ ಆಘಾತದಿಂದ ಹೃದಯದ ಎಡಕೋಣೆ ಊದಿಕೊಂಡು ದುರ್ಬಲವಾಗುವ ಟಕೋಟ್ಸುಬೊ ಎಂಬ ಸ್ಥಿತಿಯನ್ನು 1990ರಲ್ಲಿ ಜಪಾನಿನ ವೈದ್ಯರು ವಿವರಿಸಿದರು. ಮುಟ್ಟು ನಿಂತ ಹೆಂಗಸರಲ್ಲೇ ಹೆಚ್ಚಾಗಿ ಕಾಣುವ ಇದರಲ್ಲಿ ರಕ್ತನಾಳ ಮುಚ್ಚಿರುವುದಿಲ್ಲ, ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಇದು ಅಪರೂಪ. ಸಾಮಾನ್ಯವಾಗಿ ಒತ್ತಡ ಕೆಲಸ ಮಾಡುವುದು ನಿಧಾನವಾಗಿ, ಮತ್ತು ಹಲವು ಸಲ ಸಿಗರೇಟು, ನಿದ್ದೆಗೇಡು, ಹೊತ್ತಲ್ಲದ ಹೊತ್ತಿನ ಊಟದ ಮೂಲಕ.

ಹಾಸನದ ವರದಿಯಲ್ಲಿ ಆಟೊ ಮತ್ತು ಕ್ಯಾಬ್ ಚಾಲಕರ ಪ್ರಸ್ತಾಪ ಬಂದದ್ದು ಇದಕ್ಕಾಗಿಯೇ ಮುಖ್ಯ. ದಿನಕ್ಕೆ ಹನ್ನೆರಡು ಗಂಟೆ ಸೀಟಿನಲ್ಲಿ ಕೂತು, ಹೊಗೆ ಕುಡಿದು, ಮಧ್ಯಾಹ್ನದ ಊಟವನ್ನು ನಾಲ್ಕು ಗಂಟೆಗೆ ಮಾಡಿ, ಗಾಡಿಯ ಸಾಲದ ಕಂತಿಗಾಗಿ ಇನ್ನೊಂದು ಬಾಡಿಗೆ ಹಿಡಿಯುವ ಮನುಷ್ಯನಿಗೆ ಯೋಗ ಮಾಡು, ಟೆನ್ಷನ್ ಬಿಡು ಎನ್ನುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ವಾರಕ್ಕೆ 55 ಗಂಟೆ ಇಲ್ಲವೇ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹಾಗೂ ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ ದಶಕಗಳ ಕಾಲ ನಡೆದ ವೈಟ್‌ಹಾಲ್ ಅಧ್ಯಯನಗಳಲ್ಲಿ ಮೈಕಲ್ ಮಾರ್ಮಟ್ ಕಂಡದ್ದು, ಹೃದ್ರೋಗ ಹೆಚ್ಚು ಬಾಧಿಸುವುದು ಮೇಲಿನ ಅಧಿಕಾರಿಗಳನ್ನಲ್ಲ, ಕೆಳಗಿನ ದರ್ಜೆಯವರನ್ನು; ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು ಅದಕ್ಕೊಂದು ಮುಖ್ಯ ಕಾರಣ. ಒತ್ತಡವನ್ನು ವ್ಯಕ್ತಿಯ ಮನೋದೌರ್ಬಲ್ಯವೆಂದು ನೋಡುವವರು ಈ ಅಧ್ಯಯನಗಳನ್ನು ಗಮನಿಸಲೇಬೇಕು.

ಹಾಗಾದರೆ ರಿಪೋರ್ಟ್ ನಾರ್ಮಲ್ ಬಂದು ಮನೆಗೆ ಮರಳಿದವರು ಏನು ಮಾಡಬೇಕು? ಹೃದಯದ ಕಾಯಿಲೆ ಇಲ್ಲವೆಂದು ಒಮ್ಮೆ ಸರಿಯಾಗಿ ಖಚಿತವಾದ ಮೇಲೆ ತಿಂಗಳಿಗೊಂದು ಇಸಿಜಿ ತೆಗೆಸುವುದು, ಸ್ಮಾರ್ಟ್‌ವಾಚ್‌ನಲ್ಲಿ ಗಳಿಗೆಗೊಮ್ಮೆ ನಾಡಿ ನೋಡುವುದು ಆತಂಕವನ್ನು ಬೆಳೆಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಗಾಬರಿ ಬಂದ ಹೊತ್ತಿನಲ್ಲಿ ದೀರ್ಘವಾಗಿ ಒಳಗೆಳೆದುಕೊಳ್ಳುವುದಕ್ಕಿಂತ ನಿಧಾನವಾಗಿ, ಹೆಚ್ಚು ಹೊತ್ತು ಹೊರಗೆ ಬಿಡುವುದು ಉಪಯುಕ್ತ; ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಮಾಮೂಲಿಗೆ ಮರಳುತ್ತದೆ. ಪದೇ ಪದೇ ಹೀಗಾಗುತ್ತಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ದೇಹದ ಸೂಚನೆಗಳನ್ನು ತಪ್ಪಾಗಿ ಓದುವ ಅಭ್ಯಾಸವನ್ನು ತಿದ್ದುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಪ್ಯಾನಿಕ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇವರಲ್ಲಿ ಎಷ್ಟೋ ಮಂದಿ ಹೊಟ್ಟೆಯ ವೈದ್ಯರು, ಹೃದಯದ ವೈದ್ಯರು, ನರದ ವೈದ್ಯರು ಎಂದು ಸುತ್ತಿ ಹಣ ಕಳೆದುಕೊಂಡವರೇ ಇರುತ್ತಾರೆ. ಮನೋವೈದ್ಯರ ಬಾಗಿಲಿಗೆ ಹೋಗಲು ಮಾತ್ರ ಹಿಂಜರಿಕೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಔಷಧಗಳ ವಿಷಯದಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ಆತಂಕಕ್ಕೆ ಮೊದಲ ಆಯ್ಕೆಯಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಕೆಲಸ ಶುರುಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಆತಂಕ ಸ್ವಲ್ಪ ಹೆಚ್ಚಿದಂತೆಯೂ ಅನ್ನಿಸಬಹುದು; ಇದನ್ನು ಮೊದಲೇ ಹೇಳದಿದ್ದರೆ ಒಂದೇ ವಾರಕ್ಕೆ ಮಾತ್ರೆ ಬಿಟ್ಟುಬಿಡುವವರು ಬಹಳ. ಆಲ್‌ಪ್ರಜೋಲಂನಂಥ ಮಾತ್ರೆಗಳು ಅರ್ಧ ಗಂಟೆ, ಒಂದು ಗಂಟೆಯೊಳಗೆ ನೆಮ್ಮದಿ ಕೊಡುತ್ತವೆ, ಆದ್ದರಿಂದಲೇ ಅವುಗಳ ಮೇಲೆ ಅವಲಂಬನೆ ಬೇಗ ಬೆಳೆಯುತ್ತದೆ. ಯಾವಾಗಲೋ ಬರೆದುಕೊಟ್ಟ ಹಳೆಯ ಚೀಟಿ ಹಿಡಿದು ಅವುಗಳನ್ನು ತಿಂಗಳುಗಟ್ಟಲೆ ನುಂಗುತ್ತಿರುವವರು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಹಾರಿ, ನಡುಕ ಬಂದು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅಂಥವರು ಈ ವಿಷಯವನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ, ಅವರ ಲೆಕ್ಕದಂತೆ ವಾರಗಳ ಅಂತರದಲ್ಲಿ ಸ್ವಲ್ಪಸ್ವಲ್ಪವಾಗಿ ಪ್ರಮಾಣ ಇಳಿಸಿಕೊಳ್ಳಬೇಕು.